ಮಡಚದ ಜೋಡು ನಳಿಗೆ: ಫ್ರಾನ್ಸಿನ ಜಾರು ಬ್ರೀಚ್ ಕೋವಿಗಳ ಬಗ್ಗೆ ಯಾರಿಗಾದರೂ ಆಸಕ್ತಿ ಇದೆಯೇ?

#1 ರೋನ್ ತೀರದವ

ನಾನು ಲಿಯೋನ್ ಊರಿನಲ್ಲಿದ್ದು ಏಳು ವರ್ಷ ಆಯಿತು. ಬೇಟೆ ಆಡಿದವನಲ್ಲ, ಆಡುವ ಆಸೆಯೂ ಇಲ್ಲ. ಹಳೆಯ ಯಂತ್ರ ಕಂಡರೆ ಮಾತ್ರ ಕೈ ಸುಮ್ಮನಿರುವುದಿಲ್ಲ. ಗಡಿಯಾರ, ಹೊಲಿಗೆ ಯಂತ್ರ, ಟೈಪ್‌ರೈಟರ್, ಏನಾದರೂ ಸರಿ.

ಹೋದ ತಿಂಗಳು ಫೊರೆ ಬೆಟ್ಟಗಳ ಕಡೆ ಒಬ್ಬ ವೃದ್ಧರ ತೋಟದ ಮನೆಗೆ ಊಟಕ್ಕೆ ಹೋಗಿದ್ದೆ. ಊಟ ಮುಗಿದ ಮೇಲೆ ಬೀಗ ತೆಗೆದು ಅವರಪ್ಪನ ಕೋವಿ ತೋರಿಸಿದರು. ಅಕ್ಕಪಕ್ಕ ಎರಡು ನಳಿಗೆ, 16 ಬೋರ್ (ನಳಿಗೆಯ ಅಗಲದ ಅಳತೆ, ಅಂಕಿ ಹೆಚ್ಚಿದಷ್ಟೂ ನಳಿಗೆ ಕಿರಿದು), ಕೈಗೆ ಹಗುರ. ಊರಲ್ಲಿ ಮಾವನ ಕೋವಿ ಹಿಡಿದು ಅಭ್ಯಾಸವಿದ್ದ ಕೈ, ಖಾಲಿ ಇದೆಯೋ ನೋಡೋಣ ಅಂತ ಮೊಣಕಾಲ ಮೇಲಿಟ್ಟು ಮುರಿಯಲು, ಅಂದರೆ ನಳಿಗೆಯನ್ನು ಕೀಲಿನ ಮೇಲೆ ಬಾಗಿಸಿ ತೆರೆಯಲು, ಹೋದೆ. ಮುರಿಯಲಿಲ್ಲ. ಮೇಲಿನ ಪಟ್ಟಿ ಒತ್ತಿದೆ, ಪಕ್ಕಕ್ಕೆ ತಳ್ಳಿದೆ, ಏನೂ ಇಲ್ಲ. ಮುದುಕರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಹೆಬ್ಬೆರಳಿನಿಂದ ಹಿಂಬದಿಯ ಸನ್ನೆಯನ್ನು (ಲಿವರ್) ಮೇಲಕ್ಕೆತ್ತಿ ಹಿಂದಕ್ಕೆ ಎಳೆದರು. ನಳಿಗೆ ಇದ್ದಲ್ಲೇ ಇದೆ, ಅದರ ಹಿಂದಿನ ಇಡೀ ಉಕ್ಕಿನ ಗಟ್ಟಿ, ಅಂದರೆ ಬ್ರೀಚ್, ಮೇಜಿನ ಡ್ರಾಯರ್ ಹಾಗೆ ಹಿಂದಕ್ಕೆ ಜಾರಿತು! ಎರಡು ತೋಟಾ ಗೂಡುಗಳು ಬಾಯಿ ಬಿಟ್ಟು ಕೂತಿವೆ. ಗಟ್ಟಿಯನ್ನು ಮುಂದಕ್ಕೆ ತಳ್ಳಿ ಸನ್ನೆ ಕೆಳಗೆ ಒತ್ತಿದರೆ ಒಂದೇ ಸಣ್ಣ ಸದ್ದು. ಬೀಗದಂಗಡಿಯ ಒಳ್ಳೆಯ ಬೀಗದ ಸದ್ದು.

ಅದರ ಹೆಸರು ದಾರ್ನ್. ಇಲ್ಲಿಂದ 60 ಕಿ.ಮೀ. ದೂರದ ಸೇಂತ್ ಎತಿಯೆನ್ ಊರಿನದು. ರೆಜಿಸ್ ದಾರ್ನ್ ಎಂಬ ಕೋವಿ ಕುಶಲಿ 1881ರಲ್ಲಿ ಶುರು ಮಾಡಿದ ಮನೆ. ಜಾರುವ ಬ್ರೀಚಿನ ಪೇಟೆಂಟು 1890ರ ದಶಕದ್ದು, ನಾನು ಕೈಯಲ್ಲಿ ಹಿಡಿದ ರೂಪಕ್ಕೆ ಅದು ಬಂದು ನಿಂತಿದ್ದು 1909ರ ಸುಮಾರಿಗೆ. ಆ ಮೇಲೆ ಎಪ್ಪತ್ತು ವರ್ಷ ಹೆಚ್ಚುಕಮ್ಮಿ ಅದೇ ವಿನ್ಯಾಸ.

ಕನ್ನಡದಲ್ಲಿ ಇದರ ಬಗ್ಗೆ ಹುಡುಕಿದೆ, ಏನೂ ಸಿಗಲಿಲ್ಲ. ಅದಕ್ಕೇ ಈ ಎಳೆ. ಕೊಡಗು, ಮಲೆನಾಡಿನವರು ಯಾರಾದರೂ ಇಂಥದ್ದು ಕಂಡಿದ್ದೀರಾ?

#2 ಕೈಲ್ ಪೊಳ್ದ್

ಕಂಡಿಲ್ಲ ಮಾರಾಯರೇ. ನಮ್ಮ ಐನ್‌ಮನೆಯಲ್ಲಿ (ಕುಲದ ಹಿರಿಮನೆ) ಇರೋದು ಬೆಲ್ಜಿಯಂ ಕೋವಿ, ನೆಂಟರ ಮನೆಗಳಲ್ಲಿ ಒಂದೆರಡು ಇಂಗ್ಲಿಷ್ ಕೋವಿ. ಎಲ್ಲವೂ ಮಡಚುವಂಥವೇ. ನಮ್ಮ ಕೊಡಗಿನಲ್ಲಿ ತೋಕ್ (ಕೋವಿ) ಅಂದರೆ ಬರೀ ಆಯುಧ ಅಲ್ಲ ಅಂತ ಗೊತ್ತಲ್ಲ. ಗಂಡು ಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು. ಸೆಪ್ಟೆಂಬರಿನ ಕೈಲ್ ಪೊಳ್ದ್ ಹಬ್ಬದಲ್ಲಿ ದೇವರ ದೀಪದ ಮುಂದೆ ಇಟ್ಟು ತೋಕ್ ಹೂ ಸಿಕ್ಕಿಸಿ ಪೂಜೆ. ಆ ಹೂವನ್ನು ನೀವು ಗೌರಿ ಹೂ ಅನ್ನುತ್ತೀರಿ.

ಜಾರುವ ಕೋವಿ ಅಂದಾಗ ನನಗೆ ಮೊದಲು ಬಂದ ಯೋಚನೆ: ನಮ್ಮ ಆಟಿ ಮಳೆಯಲ್ಲಿ ಆ ಜಾರುಗಾಲುವೆಗೆ ತುಕ್ಕು ಹಿಡಿದರೆ? ಕೆಸರು ಹೊಕ್ಕರೆ?

#3 ಸಂಶಯಾತ್ಮ

ನನ್ನದೂ ಅದೇ ಪ್ರಶ್ನೆ, ಇನ್ನೂ ಸ್ವಲ್ಪ ಖಾರವಾಗಿ. ಮಡಚುವ ಕೋವಿ ನೂರೈವತ್ತು ವರ್ಷದಿಂದ ನೆಟ್ಟಗೆ ಕೆಲಸ ಮಾಡುತ್ತಿದೆ. ಇಂಗ್ಲೆಂಡ್, ಬೆಲ್ಜಿಯಂ, ಇಟಲಿ, ಸ್ಪೇನ್ ಎಲ್ಲರೂ ಅದನ್ನೇ ಮಾಡಿದರು. ಒಂದು ಊರು ಮಾತ್ರ ಬೇರೆ ದಾರಿ ಹಿಡಿಯಿತು ಅಂದರೆ ಅದು ಜಾಣತನವೋ ಹಠವೋ? ಚೆಂದದ ಯಂತ್ರ ಎಂದ ಮಾತ್ರಕ್ಕೆ ಒಳ್ಳೆಯ ಯಂತ್ರ ಆಗಲ್ಲ.

#4 ರೋನ್ ತೀರದವ

@ಸಂಶಯಾತ್ಮ ತಮಾಷೆ ಏನೆಂದರೆ ಮಡಚುವ ಕೋವಿಯೂ ಫ್ರೆಂಚರದ್ದೇ. ಹಿಂದಿನಿಂದ ತೋಟಾ ತುಂಬುವ ಕೋವಿಯನ್ನು ಪ್ಯಾರಿಸ್‌ನಲ್ಲಿ ಪೌಲಿ ಎಂಬ ಸ್ವಿಸ್ 1812ರಲ್ಲೇ ಪೇಟೆಂಟ್ ಮಾಡಿಸಿದ್ದ. 1830ರ ದಶಕದಲ್ಲಿ ಅದೇ ಪ್ಯಾರಿಸ್‌ನ ಕಸಿಮಿರ್ ಲೆಫೋಶೊ ನಳಿಗೆಯನ್ನು ಕೀಲಿನ ಮೇಲೆ ಮುಂದಕ್ಕೆ ಬಾಗಿಸುವ ಕೋವಿ ತಂದ. ತೋಟಾದ ಪಕ್ಕದಿಂದ ಮೊಳೆ ಚಾಚಿಕೊಂಡಿರುತ್ತಿತ್ತು, ಕೋವಿಯ ಕುದುರೆ (ಹೊಡೆಯುವ ಸುತ್ತಿಗೆ) ಆ ಮೊಳೆಯ ಮೇಲೆ ಬೀಳುತ್ತಿತ್ತು. 1851ರ ಲಂಡನ್ ಮಹಾ ಪ್ರದರ್ಶನದಲ್ಲಿ ಇಂಗ್ಲಿಷರು ಅದನ್ನು ನೋಡಿ, ಮೊದಲು ಮೂಗು ಮುರಿದು, ಆಮೇಲೆ ತಮ್ಮದಾಗಿಸಿಕೊಂಡು, ಪರಿಪೂರ್ಣ ಮಾಡಿದರು. ಅಂದರೆ ದಾರ್ನ್ ತನ್ನದೇ ದೇಶದ ಗೆದ್ದ ವಿಚಾರವನ್ನು ಬಿಟ್ಟು ಬೇರೆ ದಾರಿ ಹುಡುಕಿದ. ಹಠ ಅನ್ನಿ, ಪರವಾಗಿಲ್ಲ, ಆದರೆ ತಿಳಿಯದೆ ಮಾಡಿದ ಹಠ ಅಲ್ಲ.

#5 ಹುಬ್ಬಳ್ಳಿ ಲೇತ್

ನಾ ಕೋವಿ ಮುಟ್ಟಿದಾಂವ ಅಲ್ರಿ, ಮೂವತ್ತು ವರ್ಷ ಲೇತ್ ಮುಂದ ನಿಂತಾಂವ. ಆದ್ರ ಈ ಪ್ರಶ್ನೆ ನಮ್ಮ ಧಂದೆದ್ದ ಐತಿ, ಅದಕ್ಕ ಬಾಯಿ ಹಾಕಾಕತ್ತೀನಿ.

ಲೆಕ್ಕ ನೋಡ್ರಿ. 12 ಬೋರಿನ ತೋಟಾ ಸಿಡಿದಾಗ ಗೂಡಿನ್ಯಾಗ ಒತ್ತಡ 600 ಬಾರ್ ಅಂತ ಹಿಡೀರಿ. ತೋಟಾದ ತಳ ಅಂದಾಜು 20 ಮಿ.ಮೀ. ಅಗಲ. ಗುಣಾಕಾರ ಮಾಡಿದ್ರ ಹತ್ರಹತ್ರ 2 ಟನ್ ಬಲ ಹಿಂದಕ್ಕ ಒದೀತೈತಿ. ಕಣ್ಣು ಮಿಟುಕೂದ್ರಾಗ ಬಂದು ಹೋಗ್ತೈತಿ, ಖರೆ, ಆದ್ರ 2 ಟನ್.

ಮಡಚೋ ಕೋವ್ಯಾಗ ಈ ಬಲ ನಳಿಗಿ ಸಾಲಿನ್ಯಾಗ ಹಿಂದಕ್ಕ ಹೊಡೀತೈತಿ, ಆದ್ರ ನಳಿಗಿ ಹಿಡ್ಕೊಂಡಿರೋ ಕೀಲು ಕೆಳಗೈತಿ. ಅಂದ್ರ ತಿರುಚೋ ಬಲ ಹುಟ್ತೈತಿ. ಚೌಕಟ್ಟಿನ ತಳಪಟ್ಟಿ ಮತ್ತ ನಿಂತ ಗೋಡಿ ಕೂಡೋ ಮೂಲಿ ಐತೆಲ್ಲ, ಅಲ್ಲೇ ಕೂತು ತಿಂತೈತಿ. ಹಳೇ ಕೋವ್ಯಾಗ ಬಿರುಕು ಬಿಟ್ರ ಅಲ್ಲೇ ಬಿಡೂದು. ಅದಕ್ಕಿಂತ ಜಾಸ್ತಿ ಆಗೂದು ಏನಂದ್ರ ಕೀಲು ಸವೀತೈತಿ. ದಿನಾ ತಗದು ಮುಚ್ಚೋದು ಅದ ಕೀಲಿನ ಮ್ಯಾಲೆ, 2 ಟನ್ ಒದಿಕಿ ತಡಿಯೋದೂ ಅದ ಕೀಲು. ಬಾಗಲಾ ತಿರುಗೋ ಬಿಜಾಗ್ರಿಗೆ ಗ್ವಾಡಿ ಭಾರಾನೂ ಹೊರಸಿದಂಗ. ಸವೆದ ಮ್ಯಾಲೆ ನಳಿಗಿಗೂ ಹಿಂದಿನ ಗೋಡಿಗೂ ಕೂದಲೆಳಿ ಸಂದು ಬೀಳ್ತೈತಿ, ಕೋವಿ ಅಲ್ಲಾಡ್ತೈತಿ.

ಈ ಫ್ರೆಂಚ್ ಮನಷ್ಯಾ ನಳಿಗಿ ಅಲ್ಲಾಡಸದ ಬಿಟ್ಟಾನಲ್ಲ, ಅಲ್ಲೇ ಐತಿ ಜಾಣತನ. ಸನ್ನಿ ಕೆಳಗ ಬಂದಾಗ ಒಳಗ ಏನ್ ಆಗ್ತೈತಿ ಅಂತ ಯಾರರ ಹೇಳ್ರಿ.

#6 ರೋನ್ ತೀರದವ

@ಹುಬ್ಬಳ್ಳಿ ಲೇತ್ ಇಂಥ ಉತ್ತರಕ್ಕೇ ಕಾಯುತ್ತಿದ್ದೆ. ಮುದುಕರು ಬಿಚ್ಚಿ ತೋರಿಸಿದ್ದನ್ನು ನನಗೆ ಅರ್ಥವಾದಷ್ಟು ಹೇಳುತ್ತೇನೆ. ಸನ್ನೆಯನ್ನು ಕೆಳಗೆ ಒತ್ತುವ ಕೊನೆಯ ಅರ್ಧದಲ್ಲಿ ಬ್ರೀಚ್ ಗಟ್ಟಿ ಬರೀ ಮುಚ್ಚಿಕೊಳ್ಳುವುದಿಲ್ಲ. ಅಡಿಯ ಅಗುಳಿಯೊಂದು ಚೌಕಟ್ಟಿಗೆ ಬೆಣೆಯ ಹಾಗೆ ಒತ್ತಿಕೊಂಡು ಇಡೀ ಗಟ್ಟಿಯನ್ನು ನಳಿಗೆಯ ಬಾಯಿಗೆ ಬಿಗಿಯುತ್ತದೆ. ಗಟ್ಟಿಯ ಮುಖದಲ್ಲಿ ಎರಡು ದುಂಡನೆಯ ಬಿಲ್ಲೆಗಳಿವೆ, ತೋಟಾದ ತಳಕ್ಕೆ ಅಂಟಿಕೊಂಡು ಕೂರುವಂಥವು. ತೋಟಾದ ಹಿಂಬದಿಗೆ ಆಡಲು ಜಾಗವೇ ಇಲ್ಲ.

ತೆರೆಯುವಾಗಲೂ ಅದೇ ಸನ್ನೆಯ ಲಾಭ. ಮೊದಲ ಸ್ವಲ್ಪ ಎತ್ತುವಿಕೆಯಲ್ಲಿ ಭಾರೀ ಬಲ, ನಿಧಾನ ಚಲನೆ. ಅಂಟಿಕೊಂಡ ತೋಟಾ ಗೂಡಿನಿಂದ ಸಡಿಲವಾಗುತ್ತದೆ. ಆಮೇಲೆ ಸಲೀಸಾಗಿ ಜಾರುತ್ತದೆ.

#7 ಕೈಲ್ ಪೊಳ್ದ್

ಓ! ಇದು ನನಗೆ ತಟ್ಟಿತು. ಪ್ಲಾಸ್ಟಿಕ್ ತೋಟಾ ಬರುವ ಮೊದಲು ಎಲ್ಲವೂ ಕಾಗದದ ಕೊಳವೆ ತೋಟಾ. ಮಳೆಗಾಲದಲ್ಲಿ ಶೀತ ಕುಡಿದು ಊದಿಕೊಳ್ಳುತ್ತಿದ್ದವು. ಅಜ್ಜ ತೋಟಾಗಳನ್ನು ತಗಡಿನ ಡಬ್ಬಿಯಲ್ಲಿ ಹಾಕಿ ಒಲೆಯಿಂದ ದೂರ, ಅಟ್ಟದ ಬೆಚ್ಚಗಿನ ಮೂಲೆಯಲ್ಲಿ ಇಡುತ್ತಿದ್ದರು. ಆದರೂ ಒಂದೊಂದು ಸಲ ಈಡು ಹೊಡೆದ ಮೇಲೆ ಖಾಲಿ ತೋಟಾ ಗೂಡಲ್ಲೇ ಕಚ್ಚಿಕೊಂಡು, ಚಾಕುವಿನ ತುದಿಯಲ್ಲಿ ಮೀಟಿ ತೆಗೆಯಬೇಕಾಗುತ್ತಿತ್ತಂತೆ. ಮಡಚುವ ಕೋವಿಯಲ್ಲಿ ತೋಟಾ ಎತ್ತುವ ತುಂಡಿಗೆ ಅಷ್ಟೊಂದು ಶಕ್ತಿ ಇರಲ್ಲ. ಸನ್ನೆ ಹಾಕಿ ಎಳೆಯುವ ಕೋವಿ ಇದ್ದಿದ್ದರೆ ಅಜ್ಜ ಬೈಯೋದು ಕಮ್ಮಿ ಆಗುತ್ತಿತ್ತೇನೋ.

#8 ಸಂಶಯಾತ್ಮ

ತಡೀರಿ ತಡೀರಿ. @ಹುಬ್ಬಳ್ಳಿ ಲೇತ್ ಲೆಕ್ಕ ಅರ್ಧಕ್ಕೇ ನಿಂತಿದೆ. ದಾರ್ನ್‌ನಲ್ಲೂ ನಳಿಗೆ ಮೇಲಿದೆ, ಅದನ್ನೂ ಬ್ರೀಚನ್ನೂ ಸೇರಿಸಿ ಹಿಡಿದಿರುವ ಚೌಕಟ್ಟು ಕೆಳಗಿದೆ. ಅಂದರೆ ಬಲದ ಸಾಲಿಗೂ ಹಿಡಿತದ ಸಾಲಿಗೂ ಅಲ್ಲೂ ಅಂತರ ಇದೆ. ತಿರುಚುವ ಬಲ ಎಲ್ಲಿಗೂ ಓಡಿ ಹೋಗಿಲ್ಲ. "ಜಗತ್ತಿನ ಅತಿ ಗಟ್ಟಿ ಕೋವಿ" ಅಂತ ಅಭಿಮಾನಿಗಳು ಬರೆಯೋದನ್ನು ಓದಿದ್ದೇನೆ. ಗಟ್ಟಿತನ ಉಕ್ಕಿನ ದಪ್ಪಕ್ಕೂ ಗುಣಕ್ಕೂ ಸೇರಿದ್ದು. ಒಳ್ಳೆಯ ಇಂಗ್ಲಿಷ್ ಕೋವಿ ನೂರು ವರ್ಷ ಬಾಳಿದ ಮೇಲೂ ಬಿಗಿಯಾಗಿರುತ್ತದೆ.

#9 ಹುಬ್ಬಳ್ಳಿ ಲೇತ್

ಒಪ್ಪಿದೆ, ಸಾಹೇಬ್ರ. ಅಂತರ ಐತಿ. ಗಟ್ಟಿ ಅನ್ನೋ ಮಾತು ಬ್ಯಾಡ. ಆದ್ರ ನಾ ಹೇಳಿದ್ದು ಸವೆತದ ಮಾತು. ತಿರುಗೋ ಕೀಲು ಸವೆದ್ರ ಅದನ್ನ ತುಂಬಾಕ ಕುಶಲ ಕೈ ಬೇಕು, ಕೀಲಿನ ಪಿನ್ನು ಬದಲಿ ಮಾಡಬೇಕು, ಮತ್ತ ಮಸಿ ಹಚ್ಚಿ ಮಸಿ ಹಚ್ಚಿ ಮುಖ ಕೂಡಸ್ಬೇಕು. ಬೆಣಿ ಸವೆದ್ರ? ಇನ್ನೊಂದ್ ಕೂದಲೆಳಿ ಮುಂದ ಹೋಗಿ ಬಿಗೀತೈತಿ, ಅಷ್ಟ. ಎತ್ತಿನ ಗಾಡಿ ಗಾಲಿಗೆ ಬೆಣಿ ಹೊಡ್ದಂಗ. ಸವೆತಾನ ತಾನ ನುಂಗ್ಕೊಳ್ಳೋ ಜೋಡಣಿ. ನಮ್ಮ ಲೇತ್‌ನ ಜಾರುಪಟ್ಟಿಗೆ ಬೆಣಿಪಟ್ಟಿ ಹಾಕಿರ್ತಾರಲ್ಲ, ಅದ ತತ್ವ.

#10 ರೋನ್ ತೀರದವ

ನನ್ನ ಅಭಿಪ್ರಾಯವೂ ಇಲ್ಲೇ ಬಂದು ನಿಲ್ಲುತ್ತದೆ. ಈ ಕೋವಿಯ ಗುಣ ಗಟ್ಟಿತನ ಅಲ್ಲ, ಬಿಗಿತನ. ಮುದುಕರ ಕೋವಿಗೆ ಹತ್ತಿರಹತ್ತಿರ ತೊಂಬತ್ತು ವರ್ಷ. ಅಲ್ಲಾಡಿಸಿ ನೋಡಿದೆ, ಮರದ ದಿಮ್ಮಿ ಹಿಡಿದ ಹಾಗಿತ್ತು.

ಎರಡನೆಯದು ತೂಕ. 12 ಬೋರಿನ ದಾರ್ನ್‌ಗಳು 2.7 ಕೆ.ಜಿ. ಆಸುಪಾಸಿನಲ್ಲೇ ಸಿಗುತ್ತವೆ, 16 ಮತ್ತು 20 ಬೋರಿನವು ಇನ್ನೂ ಕಡಿಮೆ. ಸಾಮಾನ್ಯ ಮಡಚುವ ಕೋವಿ 3 ಕೆ.ಜಿ. ದಾಟುತ್ತದೆ. ಮುನ್ನೂರು ಗ್ರಾಂ ಏನು ಮಹಾ ಅನ್ನಿಸಬಹುದು. ಬೆಳಗಿಂದ ಸಂಜೆವರೆಗೆ ಗುಡ್ಡ ಹತ್ತಿ ಇಳಿದವರನ್ನು ಕೇಳಿ.

#11 ಇತಿಹಾಸದ ಮೇಷ್ಟ್ರು

ತಡವಾಗಿ ಬಂದೆ, ಕ್ಷಮಿಸಿ. ತೂಕದ ಮಾತು ಬಂತಲ್ಲ, ಅದರ ಹಿಂದೆ ಒಂದು ಸಾಮಾಜಿಕ ಕತೆ ಇದೆ, ಅದನ್ನು ಬಿಟ್ಟರೆ ಈ ಕೋವಿ ಅರ್ಥವಾಗುವುದಿಲ್ಲ.

ಕ್ರಾಂತಿಗೆ ಮೊದಲು ಫ್ರಾನ್ಸಿನಲ್ಲಿ ಬೇಟೆ ಶ್ರೀಮಂತ ಕುಲದವರ ಹಕ್ಕು. ರೈತನ ಹೊಲವನ್ನು ಮೊಲ ತಿಂದರೂ ಅವನು ಹೊಡೆಯುವಂತಿಲ್ಲ. 1789ರ ಆಗಸ್ಟ್ 4ರ ರಾತ್ರಿ ಊಳಿಗಮಾನ್ಯದ ಹಕ್ಕುಗಳು ಬಿದ್ದಾಗ ಈ ಹಕ್ಕೂ ಬಿತ್ತು. ಆಮೇಲೆ 1844ರ ಮೇ 3ರ ಕಾನೂನು ಪರವಾನಗಿ, ಋತು ಎಲ್ಲವನ್ನೂ ಕಟ್ಟಿಹಾಕಿತು. ಆದರೆ ಬಾಗಿಲು ಮತ್ತೆ ಮುಚ್ಚಲಿಲ್ಲ. ಶಾಲಾ ಮಾಸ್ತರ, ಅಂಚೆಯವ, ದ್ರಾಕ್ಷಿ ತೋಟದವ, ಗಣಿ ಕೆಲಸಗಾರ ಎಲ್ಲರೂ ಭಾನುವಾರದ ಬೇಟೆಗಾರರಾದರು.

ಇಂಗ್ಲೆಂಡಿನ ಚಿತ್ರ ಬೇರೆ. ಅಲ್ಲಿ ಎಸ್ಟೇಟಿನ ಧಣಿ ನಿಂತಲ್ಲೇ ನಿಲ್ಲುತ್ತಾನೆ, ಆಳುಗಳು ಪೊದೆ ಬಡಿದು ಹಕ್ಕಿಗಳನ್ನು ಅವನ ಕಡೆಗೆ ಹಾರಿಸುತ್ತಾರೆ, ಪಕ್ಕದಲ್ಲಿ ಎರಡನೇ ಕೋವಿಗೆ ತೋಟಾ ತುಂಬಿಕೊಡಲು ಇನ್ನೊಬ್ಬ. ದಿನಕ್ಕೆ ನೂರಾರು ಈಡು. ಅವನಿಗೆ ಒದೆತ ಕಡಿಮೆ ಮಾಡಲು ಕೋವಿ ಭಾರವಾಗಿಯೇ ಇರಬೇಕು. ಫ್ರಾನ್ಸಿನ ಮಾಸ್ತರನಿಗೆ ಒಂದು ನಾಯಿ, ಒಂದು ಚೀಲ, ಹದಿನೈದು ಕಿ.ಮೀ. ನಡಿಗೆ, ಅದೃಷ್ಟ ಚೆನ್ನಾಗಿದ್ದರೆ ಐದಾರು ಈಡು. ಅವನಿಗೆ ಬೇಕಾದ್ದು ಹೆಗಲಿಗೆ ಹೊರೆಯಾಗದ, ಬೆಲೆಗೂ ಹೊರೆಯಾಗದ ಕೋವಿ. ಅಲ್ಲಿ 16 ಬೋರ್ ಅಷ್ಟು ಜನಪ್ರಿಯವಾದದ್ದೂ ಇದೇ ಕಾರಣಕ್ಕೆ.

#12 ಕಾಡುಪಾಪ

ಎಲ್ಲರೂ ಚೆನ್ನಾಗಿ ಬರೆಯುತ್ತಿದ್ದೀರಿ, ಆದರೆ ಒಂದು ಮಾತು. ಹಕ್ಕಿ ಕೊಲ್ಲಲು ಮಾಡಿದ ವಸ್ತುವಿನ ಬಿಗಿತನ, ಸದ್ದು ಅಂತ ಹೊಗಳುವುದು ನನಗೆ ಸ್ವಲ್ಪ ಕಸಿವಿಸಿ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬರುವ ಹೊತ್ತಿಗೆ ಎಷ್ಟು ಕಾಡು ಖಾಲಿಯಾಗಿತ್ತು ಅಂತ ನೆನಪಿರಲಿ.

#13 ಇತಿಹಾಸದ ಮೇಷ್ಟ್ರು

ನೆನಪಿದೆ. ನಮ್ಮಪ್ಪನ ಕಾಲದ ಷಿಕಾರಿ ಫೋಟೋಗಳು ಮನೆಯ ಗೋಡೆಯಿಂದ ಇಳಿದು ಬಹಳ ವರ್ಷವಾಯಿತು. ಆದರೆ ನಾನು ಗುರಾಣಿ, ಕಠಾರಿ ಬಗ್ಗೆ ಬರೆದರೆ ಯಾರೂ ಯುದ್ಧಪ್ರಿಯ ಅನ್ನುವುದಿಲ್ಲವಲ್ಲ.

#14 ಕಾಡುಪಾಪ

ಸರಿ, ಒಪ್ಪಿದೆ. ಓದುತ್ತಾ ಇರುತ್ತೇನೆ. ಯಾರಾದರೂ ಈ ಕೋವಿಯಲ್ಲಿ ಏನು ಹೊಡೆದೆ ಅಂತ ಫೋಟೋ ಹಾಕಿದರೆ ಮಾತ್ರ ಜಗಳ ಗ್ಯಾರಂಟಿ.

#15 ರೋನ್ ತೀರದವ

ಫೋಟೋ ಹಾಕುವುದಿದ್ದರೆ ಆ ದಿನ ತಿಂದ ಆಲೂಗಡ್ಡೆ ಗ್ರಾತೆಂ ಫೋಟೋ ಮಾತ್ರ.

ಹೋದ ಶನಿವಾರ ಸೇಂತ್ ಎತಿಯೆನ್‌ಗೆ ಹೋಗಿಬಂದೆ. ಊರಿನ ಕಲೆ ಮತ್ತು ಕೈಗಾರಿಕೆ ಮ್ಯೂಸಿಯಂನಲ್ಲಿ ಮೂರು ಸಂಗ್ರಹಗಳಿವೆ: ಆಯುಧ, ಸೈಕಲ್, ರೇಷ್ಮೆ ರಿಬ್ಬನ್. ಮೊದಲು ನಗು ಬಂತು. ಮೂರು ಮಹಡಿ ಸುತ್ತಿದ ಮೇಲೆ ನಗು ಹೋಯಿತು. ಮೂರೂ ಒಂದೇ ಕಸುಬು. ಸಣ್ಣ ಸಣ್ಣ ಭಾಗ, ಕೂದಲೆಳೆಯ ಅಳತೆ, ಮನೆಮನೆಯಲ್ಲಿ ಕೆಲಸ. ಒಬ್ಬ ನಳಿಗೆ ಕೊರೆಯುತ್ತಾನೆ, ಇನ್ನೊಬ್ಬ ಅಕ್ರೋಟು ಮರದ ಹಿಡಿ ಕೆತ್ತುತ್ತಾನೆ, ಮತ್ತೊಬ್ಬ ಉಕ್ಕಿನ ಮೇಲೆ ಬಳ್ಳಿ ಚಿತ್ರ ಕೊರೆಯುತ್ತಾನೆ. ನೆಲದಡಿಯಲ್ಲಿ ಕಲ್ಲಿದ್ದಲು. ಫುರಾನ್ ಅನ್ನುವ ಸಣ್ಣ ಹೊಳೆ, ಈಗ ಬಹುಪಾಲು ಊರಿನ ಕೆಳಗೇ ಹರಿಯುತ್ತದೆ. 1764ರಲ್ಲಿ ಇಲ್ಲಿ ರಾಜರ ಆಯುಧ ಕಾರ್ಖಾನೆ ಆಯಿತು. ಕ್ರಾಂತಿಯ ಕಾಲದಲ್ಲಿ ಸಂತರ ಹೆಸರು ಬೇಡ ಅಂತ ಊರಿಗೇ "ಆರ್ಮ್‌ವಿಲ್", ಅಂದರೆ ಆಯುಧಪುರ ಅಂತ ಹೆಸರಿಟ್ಟಿದ್ದರು! ಕಲ್ಲಿದ್ದಲು ಸಾಗಿಸಲು ಫ್ರಾನ್ಸಿನ ಮೊದಲ ರೈಲು ಹಳಿ ಬಿದ್ದದ್ದೂ ಇಲ್ಲಿಂದಲೇ, 1827ರಲ್ಲಿ.

ದಾರ್ನ್ ಒಬ್ಬನೇ ಅಲ್ಲ ಇಲ್ಲಿ. ಜಾರು ಬ್ರೀಚ್ ಕೋವಿ ಮಾಡಿದ ಶಾರ್ಲೆಂ ಎಂಬ ಇನ್ನೊಂದು ಮನೆಯೂ ಇತ್ತು. ದೂರದಿಂದ ನೋಡಿದರೆ ಎರಡೂ ಅಣ್ಣತಮ್ಮ. "ಎಫ್. ದಾರ್ನ್ ಫಿಸ್ ಐನೆ" ಎಂದು ಕೆತ್ತಿದ ಕೋವಿಗಳೂ ಸಿಗುತ್ತವೆ. ಫಿಸ್ ಐನೆ ಅಂದರೆ ಹಿರಿಮಗ. ಅಪ್ಪನ ಅಂಗಡಿಯ ಎದುರು ಮಗನ ಅಂಗಡಿ. ನಮ್ಮ ಊರುಗಳ ಮಿಲಿಟರಿ ಹೋಟೆಲ್‌ಗಳ ಕತೆ ನೆನಪಾಯಿತು.

#16 ಕೈಲ್ ಪೊಳ್ದ್

ಹೆಹೆ. "ನಮ್ಮ ಬೇರೆ ಶಾಖೆಗಳಿಲ್ಲ" ಅಂತ ಬೋರ್ಡೂ ಇತ್ತಾ?

#17 ಇತಿಹಾಸದ ಮೇಷ್ಟ್ರು

ಅದೇ ಊರಿನ ಇನ್ನೊಂದು ಹೆಸರು ಬಿಟ್ಟುಹೋಯಿತು, ಮನುಫ್ರಾನ್ಸ್. 1885ರಲ್ಲಿ ಮಿಮಾರ್ ಮತ್ತು ಬ್ಲಾಶೋಂ ಕಟ್ಟಿದ್ದು. ಕೋವಿ, ಸೈಕಲ್, ಹೊಲಿಗೆ ಯಂತ್ರ, ಮೀನು ಗಾಳ ಎಲ್ಲವನ್ನೂ ದಪ್ಪನೆಯ ಕ್ಯಾಟಲಾಗಿನ ಮೂಲಕ ಅಂಚೆಯಲ್ಲಿ ಮಾರಿದರು. ಅವರ ಮಡಚುವ ಕೋವಿಗಳಾದ "ಇದೆಯಾಲ್" ಮತ್ತು "ರೊಬ್ಯುಸ್ತ್" ಫ್ರಾನ್ಸಿನ ಹಳ್ಳಿಹಳ್ಳಿಗೆ ಹೋದವು. ಅಂಚೆಯಲ್ಲಿ ಮನೆ ಬಾಗಿಲಿಗೆ ಬರುವ ಅಗ್ಗದ ಮಡಚುವ ಕೋವಿ ಇರುವಾಗ, ಪಕ್ಕದ ಬೀದಿಯಲ್ಲೇ ಕೂತು ಜಾರು ಕೋವಿ ಮಾರಿ ಬದುಕಿದರಲ್ಲ, ದಾರ್ನ್‌ಗಳ ಎದೆಗಾರಿಕೆ ಅದು.

ಅಂದಹಾಗೆ ದಾರ್ನ್ ಮನೆಯವರು ಮೊದಲ ಮಹಾಯುದ್ಧದಲ್ಲಿ ಲೂಯಿಸ್ ಮೆಷಿನ್ ಗನ್ ಮಾಡಿಕೊಟ್ಟು, ಆಮೇಲೆ ತಮ್ಮದೇ ಮೆಷಿನ್ ಗನ್ ರೂಪಿಸಿ ಫ್ರೆಂಚ್ ವಿಮಾನಗಳಿಗೆ ಮಾರಿದ್ದರು. ಬೇಟೆ ಕೋವಿಯಲ್ಲಿ ಅಷ್ಟು ನಯ, ಇದರಲ್ಲಿ ಬೇಕೆಂದೇ ಒರಟು ಮತ್ತು ಅಗ್ಗ.

ಇನ್ನೊಂದು ಉಪಕತೆ: ಟಿಪ್ಪುವಿನ ರಾಯಭಾರಿಗಳು 1788ರಲ್ಲಿ ವರ್ಸೈಗೆ ಹೋಗಿ ಹದಿನಾರನೇ ಲೂಯಿಯನ್ನು ಕಂಡಾಗ ಕೇಳಿದ್ದರಲ್ಲಿ ಕುಶಲಕರ್ಮಿಗಳೂ ಸೇರಿದ್ದರು. ಹಾಗೆ ಫ್ರೆಂಚ್ ಕಸುಬುದಾರರು ಶ್ರೀರಂಗಪಟ್ಟಣಕ್ಕೆ ಬಂದಿದ್ದರು.

#18 ಸಂಶಯಾತ್ಮ

ಮೇಷ್ಟ್ರೇ, ಟಿಪ್ಪು ಹೆಸರು ಬಂದರೆ ಈ ಎಳೆ ನಾಳೆ ಬೆಳಗ್ಗೆಯೊಳಗೆ ಇನ್ನೂರು ಪೋಸ್ಟ್ ಆಗುತ್ತದೆ, ಒಂದೂ ಕೋವಿಯ ಬಗ್ಗೆ ಇರಲ್ಲ. ದಯವಿಟ್ಟು.

ನಾನು ಈಗ ಅವಗುಣಗಳ ಪಟ್ಟಿ ಕೇಳುತ್ತಿದ್ದೇನೆ. ಇಲ್ಲಿಯವರೆಗೆ ಬರೀ ಆರತಿ ಆಗಿದೆ.

#19 ರೋನ್ ತೀರದವ

ನ್ಯಾಯ. ಮುದುಕರನ್ನೇ ಕೇಳಿದ್ದೆ, ಅವರು ಹೇಳಿದ್ದೂ ನನಗೆ ಕಂಡದ್ದೂ ಸೇರಿಸಿ ಹೇಳುತ್ತೇನೆ.

ದೊಡ್ಡ ದೋಷ ಯಂತ್ರದ್ದಲ್ಲ, ಕಣ್ಣಿನದ್ದು. ಮಡಚುವ ಕೋವಿ ತೆರೆದಿದ್ದರೆ ಐವತ್ತು ಮಾರು ದೂರದಿಂದಲೂ ಕಾಣುತ್ತದೆ, ನಳಿಗೆ ನೆಲ ನೋಡುತ್ತಾ ತೋಳಿನ ಮೇಲೆ ಮುರಿದು ಬಿದ್ದಿರುತ್ತದೆ. ಜೊತೆಗಾರರಿಗೆ ಧೈರ್ಯ. ದಾರ್ನ್ ತೆರೆದಿದ್ದರೂ ನೆಟ್ಟಗೇ ಇರುತ್ತದೆ. ಹತ್ತಿರ ಬಂದು ಬ್ರೀಚ್ ನೋಡಿದರೇ ಗೊತ್ತಾಗುವುದು. ಗುಂಪಿನಲ್ಲಿ ಇದನ್ನು ಹಿಡಿದು ನಡೆಯುವವನನ್ನು ಬೇರೆಯವರು ಅನುಮಾನದಿಂದಲೇ ನೋಡುತ್ತಾರಂತೆ. ಇದು ಸಣ್ಣ ಮಾತಲ್ಲ.

ನಳಿಗೆಯೊಳಗೆ ಕೆಸರೋ ಎಲೆಯೋ ಸಿಕ್ಕಿದೆಯಾ ಅಂತ ನೋಡಬೇಕಾದರೂ ಮಡಚುವ ಕೋವಿಯಲ್ಲಿ ಒಂದು ಕ್ಷಣ ಸಾಕು. ಇದರಲ್ಲಿ ಬ್ರೀಚ್ ಗಟ್ಟಿ ಅಡ್ಡ ಕೂತಿರುತ್ತದೆ, ನಳಿಗೆ ಬಿಚ್ಚಬೇಕು. ಬಿಚ್ಚುವುದು ಸುಲಭ, ಆದರೂ ಬಿಚ್ಚಬೇಕು.

ಮತ್ತೆ ಒದೆತ. ಹಗುರ ಕೋವಿಗೆ ಜೋರು ತೋಟಾ ಹಾಕಿದರೆ ಹೆಗಲು ಕಪ್ಪಾಗುತ್ತದೆ. ಇಂಗ್ಲಿಷ್ ಕೋವಿಯವರ ಹಳೆಯ ಲೆಕ್ಕವೊಂದಿದೆ: ಕೋವಿಯ ತೂಕ ಚರೆಯ (ತೋಟಾದೊಳಗಿನ ಸಣ್ಣ ಗುಂಡುಗಳ) ತೂಕದ 96 ಪಟ್ಟು ಇರಬೇಕು. 2.7 ಕೆ.ಜಿ. ಕೋವಿಗೆ ಅದು 28 ಗ್ರಾಂ ಚರೆ. ದಾರ್ನ್‌ಗೆ ಹಳೆಯ ತೋಟಾಗಳು ಸರಿಯಾಗಿ ಹೊಂದುತ್ತಿದ್ದವು. ಇಂದಿನ 36 ಗ್ರಾಂ ತೋಟಾ ಹಾಕುವವನಿಗೆ ಅವನ ಹೆಗಲೇ ಬುದ್ಧಿ ಹೇಳುತ್ತದೆ.

ಇನ್ನು @ಕೈಲ್ ಪೊಳ್ದ್ ಕೇಳಿದ ಕೆಸರು. ಮುದುಕರು ಭುಜ ಕುಣಿಸಿ ಒರೆಸಬೇಕು ಅಂದರು. ಅಷ್ಟೇ ಉತ್ತರ.

#20 ಸಂಶಯಾತ್ಮ

ಇಷ್ಟು ಪ್ರಾಮಾಣಿಕವಾಗಿ ಒಪ್ಪಿಕೊಂಡರೆ ನನಗೆ ಜಗಳ ಆಡಲು ಏನು ಉಳಿಯಿತು?

ಒಂದು ಸಣ್ಣ ಅನುಮಾನ. ಕುಳಿತೋ ಮಲಗಿಯೋ ತುಂಬುವುದಾದರೆ ಇದು ವಾಸಿಯಲ್ಲವೇ? ದೋಣಿಯಲ್ಲಿ, ಮರೆಯ ಗುಡಿಸಲಲ್ಲಿ ನಳಿಗೆ ಕೆಳಗೆ ಬಾಗಿಸಲು ಜಾಗ ಇರುವುದಿಲ್ಲ.

#21 ರೋನ್ ತೀರದವ

ನೋಡಿ, ನೀವೇ ವಕಾಲತ್ತು ಶುರು ಮಾಡಿದಿರಿ. ಹೌದು, ನೀರುಹಕ್ಕಿ ಬೇಟೆಯವರು ಮೆಚ್ಚುತ್ತಿದ್ದದ್ದು ಅದಕ್ಕೇ. ನಳಿಗೆಯ ತುದಿ ನೀರಿಗೋ ಮಣ್ಣಿಗೋ ತಾಗುವುದಿಲ್ಲ, ಎದ್ದು ನಿಲ್ಲಬೇಕಿಲ್ಲ.

#22 ಹುಬ್ಬಳ್ಳಿ ಲೇತ್

ಇಷ್ಟೆಲ್ಲಾ ಛಲೋ ಇದ್ರ ನಿಂತಿದ್ದ್ಯಾಕ್ರಿ ಹಂಗಾರ? ನನಗ ಅನಸ್ತೈತಿ ಕೂಲಿ. ಜಾರೋ ಎರಡು ಮುಖ ಪೂರ್ತಿ ಉದ್ದಕ್ಕ ಕೂಡಬೇಕು, ಬಿಲ್ಲಿ ಕೂಡಬೇಕು, ಬೆಣಿ ಕೂಡಬೇಕು. ಇದು ಅರ (ಕಾನಸು) ಹಿಡ್ದು ಕೈಲೇ ಮಾಡೋ ಕೆಲಸ. ಮಷಿನ್ನಿಂದ ಬಂದದ್ದ ಹಂಗ ಕೂಡಸಿದ್ರ ಒಂದೋ ಕಚ್ಚತೈತಿ, ಇಲ್ಲಂದ್ರ ಗಡಗಡ ಅಂತೈತಿ. ಕೂಲಿ ಏರಿತು, ಕೋವಿ ಸತ್ತಿತು.

#23 ರೋನ್ ತೀರದವ

ಹತ್ತಿರಹತ್ತಿರ ಅದೇ. ದಾರ್ನ್ ಕೋವಿಗಳಲ್ಲಿ ಆರ್ ಸರಣಿ ಸರಳ, ವಿ ಸರಣಿ ದುಬಾರಿ, ಸಂಖ್ಯೆ ಏರಿದಂತೆ ಕೆತ್ತನೆ ಏರುತ್ತದೆ. ಆರ್-11 ರೈತನ ಕೋವಿ, ವಿ-22 ನೋಡಿದರೆ ಒಡವೆ. ಆದರೆ ಅಗ್ಗದ್ದಕ್ಕೂ ಕೈಕೆಲಸ ತಪ್ಪಲಿಲ್ಲ. ಎರಡನೇ ಮಹಾಯುದ್ಧದ ನಂತರ ಇಟಲಿಯಿಂದ ಯಂತ್ರದಲ್ಲಿ ಮಾಡಿದ ಮೇಲುಕೆಳಗೆ ನಳಿಗೆಯ ಕೋವಿಗಳು, ಒಂದಾದ ಮೇಲೊಂದು ಈಡು ಹಾರಿಸುವ ಸೆಮಿ ಆಟೊಮ್ಯಾಟಿಕ್‌ಗಳು ಬಂದವು. 1970ರ ದಶಕದ ಕೊನೆಗೆ ದಾರ್ನ್ ಬಾಗಿಲು ಹಾಕಿತು. ಅಲ್ಲೇ ಕೆಲಸ ಮಾಡಿದ್ದ ಪೋಲ್ ಬ್ರುಶೆ ಆಮೇಲೆ ತನ್ನ ಹೆಸರಿನಲ್ಲಿ ವರ್ಷಕ್ಕೆ ಬೆರಳೆಣಿಕೆಯಷ್ಟು ಮಾಡಿ ಕಸುಬು ಉಳಿಸಿದ. ಮನುಫ್ರಾನ್ಸ್ 1980ರ ದಶಕದಲ್ಲಿ ಹೋಯಿತು. ರಾಜರ ಕಾಲದಿಂದ ಬಂದ ಸರಕಾರಿ ಕಾರ್ಖಾನೆಯ ಕಟ್ಟಡದಲ್ಲಿ ಈಗ ವಿನ್ಯಾಸ ಕೇಂದ್ರ ಇದೆ. ನಾನು ಹೋದ ದಿನ ಅಲ್ಲಿ ಕುರ್ಚಿಗಳ ಪ್ರದರ್ಶನ.

#24 ಕೈಲ್ ಪೊಳ್ದ್

ಒಂದು ಉಪಯೋಗದ ಪ್ರಶ್ನೆ. ಹಳೆಯ ದಾರ್ನ್ ಕೊಳ್ಳುವವರು ಏನು ನೋಡುತ್ತಾರೆ? ನಮ್ಮಲ್ಲಿ ಇಂಥದ್ದು ಬರಲ್ಲ, ಆದರೂ ಹಳೆಯ ಕೋವಿಗಳಿಗೆಲ್ಲ ಅನ್ವಯಿಸೋದು ಇದ್ದರೆ ಹೇಳಿ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ ಲೈಸೆನ್ಸ್ ವಿನಾಯಿತಿ 2029ರವರೆಗೆ ವಿಸ್ತರಣೆ ಆಗಿದೆ. ಅಂದರೆ ಅಜ್ಜನ ಕೋವಿಗಳು ಮನೆಯಲ್ಲೇ ಇರುತ್ತವೆ, ಹಬ್ಬಕ್ಕೆ ತೆಂಗಿನಕಾಯಿಗೆ ಗುರಿ ಇಡಲು ಹೊರಬರುತ್ತವೆ.

#25 ರೋನ್ ತೀರದವ

ಮೊದಲು ನಳಿಗೆಯ ಅಡಿಯ ಗುರುತು. ಸೇಂತ್ ಎತಿಯೆನ್‌ನಲ್ಲಿ ಅಧಿಕೃತ ಪರೀಕ್ಷಾ ಮನೆ ಇದೆ. ಪ್ರತಿ ನಳಿಗೆಯಲ್ಲೂ ಹೆಚ್ಚಿನ ಮದ್ದು ಹಾಕಿ ಹಾರಿಸಿ, ತಡೆದರೆ ಮಾತ್ರ ಮುದ್ರೆ. ಕಿರೀಟದ ಕೆಳಗೆ "ಪಿ.ಟಿ." ಅಂತ ಇದ್ದರೆ ಹೊಗೆಯಿಲ್ಲದ "ಟಿ" ಮದ್ದಿಗೆ ಪರೀಕ್ಷೆ ಆಗಿದೆ ಅಂತ ಅರ್ಥ. ಹೊಗೆಯಿಲ್ಲದ ಮದ್ದಿನ ಯಾವ ಮುದ್ರೆಯೂ ಇಲ್ಲದಿದ್ದರೆ ಅದು ಕರಿಮದ್ದಿನ ಕಾಲದ್ದು ಎಂದುಕೊಂಡು ಗೋಡೆಗೇ ಮೀಸಲಿಡಬೇಕು.

ಎರಡನೆಯದು ಇದಕ್ಕಿಂತ ಮುಖ್ಯ, ಯಾವ ದೇಶದ ಹಳೆಯ ಕೋವಿಗೂ ಸೇರಿದ್ದು: ತೋಟಾ ಗೂಡಿನ ಉದ್ದ. ಹಳೆಯವು ಬಹುಪಾಲು 65 ಮಿ.ಮೀ. ಈಗಿನ ತೋಟಾ 70 ಮಿ.ಮೀ. ಮೋಸ ಎಲ್ಲಿದೆ ಗೊತ್ತೇ? 70 ಅನ್ನುವುದು ಹಾರಿದ ಮೇಲೆ ಬಾಯಿ ಬಿಚ್ಚಿಕೊಂಡ ಉದ್ದ. ಹಾರುವ ಮೊದಲು ಬಾಯಿ ಮಡಿಸಿರುವುದರಿಂದ ಗಿಡ್ಡವಾಗಿದ್ದು, 65ರ ಗೂಡಿಗೂ ಸಲೀಸಾಗಿ ಹೋಗುತ್ತದೆ. ಕೋವಿ ಮುಚ್ಚುತ್ತದೆ, ಎಲ್ಲ ಸರಿ ಅನ್ನಿಸುತ್ತದೆ. ಹಾರಿದಾಗ ಬಾಯಿ ಬಿಚ್ಚಲು ಜಾಗವಿಲ್ಲದೆ ಚರೆಯ ದಾರಿಗೇ ಅಡ್ಡ ಬರುತ್ತದೆ. ಒತ್ತಡ ಏರುತ್ತದೆ.

#26 ಹುಬ್ಬಳ್ಳಿ ಲೇತ್

ಯಪ್ಪಾ. ಕೂತ್ಕೊಂಡಿತು ಅಂದ್ರ ಸರಿ ಐತಿ ಅಂತ ತಿಳ್ಕೊಳ್ಳೂದ, ಎಲ್ಲಾ ಅಂಗಡ್ಯಾಗೂ ಅದ ತಪ್ಪ.

#27 ಕೈಲ್ ಪೊಳ್ದ್

ಈಗಷ್ಟೇ ಕೋವಿ ಇಳಿಸಿ, ಖಾಲಿ ಇದೆ ಅಂತ ಎರಡು ಸಲ ನೋಡಿ, ನಳಿಗೆ ಬಿಚ್ಚಿ ಟಾರ್ಚ್ ಹಾಕಿದೆ. ಅಂಡಾಕಾರದೊಳಗೆ ಇ.ಎಲ್.ಜಿ., ಮೇಲೆ ಕಿರೀಟ, ಬೆಲ್ಜಿಯಂ ಪರೀಕ್ಷಾ ಮನೆಯ ಮುದ್ರೆ. ಪಕ್ಕದಲ್ಲಿ ಎಣ್ಣೆ ಜಿಡ್ಡಿನಡಿ ಏನೋ ಅಂಕಿ. ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದೆ. 12, ಒಂದು ಅಡ್ಡಗೆರೆ, 65.

ಹೋದ ಮೂರು ಹಬ್ಬಕ್ಕೂ ನಾವು 70 ಹಾಕಿಯೇ ತೆಂಗಿನಕಾಯಿ ಹೊಡೆದದ್ದು. ಅಪ್ಪನನ್ನು ಎಬ್ಬಿಸಿ ಹೇಳಿದೆ. "ಅದಕ್ಕೇ ಹೆಗಲು ನೋಯುತ್ತಿತ್ತಾ" ಅಂದು ಮಗ್ಗುಲು ಬದಲಿಸಿದರು. ಪೆಟ್ಟಿಗೆಯಲ್ಲಿ ಇನ್ನೂ ಹನ್ನೊಂದು ತೋಟಾ ಉಳಿದಿವೆ. ನಾಳೆ ಪೊನ್ನಂಪೇಟೆ ಕಡೆಯ ಚಿಕ್ಕಪ್ಪನ ಹೊಸ ಕೋವಿಗೆ ಕೊಟ್ಟು ಬರುತ್ತೇನೆ.